ಎರಡು ಸ್ಕ್ರೂ, ಒಂದು ಸಿಳ್ಳೆ

ನನ್ನ ಗಂಡ ನನ್ನನ್ನು ಸಿಳ್ಳೆ ಹೊಡೆದು ಕರೆಯುತ್ತಾರೆ. ಹೌದು, ಕುರಿಗಳನ್ನು ಕರೆದ ಹಾಗೆಯೇ.

ನಮ್ಮದು ಗೊಳಸಂಗಿಯ ಹತ್ತಿರದ ಒಂದು ಸಣ್ಣ ಊರು. ತಲೆತಲಾಂತರದಿಂದ ಕುರಿ ಸಾಕಿದ ಮನೆ. ನಾನು ಸಿಂದಗಿಯವಳು, ಪಿಯುಸಿ ಓದಿದವಳು, ಊರಿನ ಅಂಗನವಾಡಿ ನಡೆಸುವವಳು. ಇವರು ಸಂಜೆ ಹಿಂಡು ಹೊಡೆದುಕೊಂಡು ಬರುವಾಗ ಡಾಂಬರು ರಸ್ತೆಯ ತಿರುವಿನಲ್ಲಿ ನಿಂತು ಎರಡು ಗಿಡ್ಡ ಸಿಳ್ಳೆ, ಒಂದು ಉದ್ದ ಸಿಳ್ಳೆ ಹಾಕುತ್ತಾರೆ. ದೊಡ್ಡಿಯ ಬಾಗಿಲು ತೆಗೆ, ಚಹಾಕ್ಕೆ ಇಡು ಎಂದು ಅದರ ಅರ್ಥ. ಮದುವೆಯಾದ ಹೊಸತರಲ್ಲಿ ಅದನ್ನು ಕೇಳಿದರೆ ನನ್ನ ಪಿತ್ತ ನೆತ್ತಿಗೇರುತ್ತಿತ್ತು.

"ನಾ ಏನ್ ನಿಮ್ಮ ಕುರಿ ಏನ್ರೀ? ನನಗ ಹೆಸರಿಲ್ಲೇನು?" ಎಂದು ಜಗಳ ತೆಗೆದರೆ ಇವರು ಹಲ್ಲು ಕಿರಿದು ನಗುತ್ತಿದ್ದರು.

"ಕುರಿ ಒಂದ್ ಸಿಳ್ಳಿಗೆ ಬರ್ತಾವ. ನೀ ಮೂರ್ ಹೊಡದ್ರೂ ಬರೂದಿಲ್ಲ."

ಎಷ್ಟು ಬೈದರೂ ಬಿಡಲಿಲ್ಲ. ಮಗಳು ಹುಟ್ಟಿದಳು, ದೊಡ್ಡವಳಾದಳು, ಇಂಡಿಗೆ ಕೊಟ್ಟೆವು, ಮೊಮ್ಮಗಳೂ ಬಂದಳು. ಸಿಳ್ಳೆ ಮಾತ್ರ ಅದೇ. ನಾನೂ ಬೈಯುವುದನ್ನು ಬಿಟ್ಟಿರಲಿಲ್ಲ.

ಆ ಸಿಳ್ಳೆ ಒಂದು ಬೆಳಿಗ್ಗೆ ನಿಂತೇಹೋಯಿತು. ಇವರು ಕುರಿಗಳಿಗೆ ಜಂತಿನ ಔಷಧ ಕುಡಿಸುತ್ತಿದ್ದರು. ನಮ್ಮ ಮನೆಯ ದೊಡ್ಡ ಟಗರಿಗೆ ಔಷಧವೆಂದರೆ ಆಗದು. ಇವರು ಅದರ ಕೊರಳನ್ನು ಎರಡು ಕಾಲಿನ ನಡುವೆ ಅವುಚಿ ಹಿಡಿದು, ಬಗ್ಗಿ ಬಾಯಿ ತೆರೆಸಲು ಹೋದರು. ಅದು ಒಮ್ಮೆಲೇ ತಲೆ ಮೇಲಕ್ಕೆತ್ತಿತು. ಕೊಂಬಿನ ಬುಡ ಸೀದಾ ಇವರ ಬಾಯಿಗೆ ಬಡಿಯಿತು. ನಾನು ಅಂಗನವಾಡಿಗೆ ಹೊರಟವಳು ಓಡಿ ಬಂದು ನೋಡುತ್ತೇನೆ, ಬಾಯ ತುಂಬ ರಕ್ತ, ಅಂಗೈಯಲ್ಲಿ ಮೇಲಿನ ಮುಂದಿನ ಒಂದು ಹಲ್ಲು. ಅದರ ಪಕ್ಕದ್ದು ಬುಡದಲ್ಲೇ ಮುರಿದಿತ್ತು. ಅದನ್ನು ಆಮೇಲೆ ದವಾಖಾನೆಯಲ್ಲಿ ಕೀಳಬೇಕಾಯಿತು.

ಗಾಯ ಮಾಗಿತು. ಆದರೆ ಸಿಳ್ಳೆ ಹಾಕಲು ಹೋದರೆ ಬರೀ ಗಾಳಿ. ಪುಸ್ಸೆಂದು ಹೋಗುತ್ತಿತ್ತು, ಅಷ್ಟೆ.

ಕುರಿ ಸಾಕದವರಿಗೆ ಇದು ನಗುವ ಮಾತು ಅನ್ನಿಸಬಹುದು. ನಮ್ಮ ಕಡೆ ಬಯಲು ನೆಲ. ರಸ್ತೆಯ ಆಚೆ ತೊಗರಿ, ಈಚೆ ಜೋಳ. ನಡುವಿನ ಸಣ್ಣ ಹಾದಿಯಲ್ಲಿ ಅಷ್ಟು ಕುರಿಗಳನ್ನು ಒಬ್ಬನೇ ಮನುಷ್ಯ ಹೊಡೆದುಕೊಂಡು ಹೋಗುವುದು ಸಿಳ್ಳೆಯ ಬಲದ ಮೇಲೆ. ತಿರುಗು ಎಂದರೆ ಒಂದು ಸಿಳ್ಳೆ, ನಿಲ್ಲು ಎಂದರೆ ಇನ್ನೊಂದು. ಮರಿಯಿದ್ದಾಗಿನಿಂದ ಅವು ಕೇಳಿ ಬೆಳೆದದ್ದು ಅದನ್ನೇ. ಬಾಯಿ ಮಾಡಿ ಕೂಗಿದರೆ ತಲೆ ಎತ್ತಿ ನೋಡುತ್ತವೆ, ಮತ್ತೆ ಮೇಯುತ್ತವೆ. ಹಲ್ಲು ಹೋದ ಮೇಲೆ ನಮ್ಮ ಹಿಂಡು ಒಂದು ದಿನ ಬೇರೆಯವರ ತೊಗರಿ ಹೊಲಕ್ಕೆ ನುಗ್ಗಿತು. ಇವರು ಕೂಗಿ ಕೂಗಿ ಗಂಟಲು ಹರಿದುಕೊಂಡರೂ ತಿರುಗಲಿಲ್ಲ. ಹೊಲದವರು ಮನೆಯ ಬಾಗಿಲಿಗೆ ಬಂದು ಆಡಬಾರದ್ದೆಲ್ಲ ಆಡಿ ಹೋದರು. ಒಂದಕ್ಕೆ ಎರಡು ಮಾತಾಡುತ್ತಿದ್ದ ನನ್ನ ಗಂಡ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ತಲೆ ತಗ್ಗಿಸಿ ನಿಂತಿದ್ದರು.

ಅವರು ಹೋದ ಮೇಲೆ ಇವರು ಅಂದರು, "ಕುರಿ ಮಾರಿಬಿಡ್ತೇನಿ. ದೇವರ ಹಿಪ್ಪರಗಿ ಸಂತಿಗೆ ಹೊಡಕೊಂಡು ಹೋಗ್ತೇನಿ. ನನ್ನ ಕೈಲೆ ಆಗೂದಿಲ್ಲ ಇನ್ನ."

ಮೊದಲು ಒಂದು ತೆಗೆದು ಹಾಕುವ ಹಲ್ಲಿನ ಕಟ್ಟು ಮಾಡಿಸಿಕೊಂಡು ಬಂದರು. ಹಾಕಿಕೊಂಡ ದಿನವೇ ದೊಡ್ಡಿಯಲ್ಲಿ ನಿಂತು ಉಸಿರೆಳೆದು ಸಿಳ್ಳೆ ಹಾಕಿದರು ನೋಡಿ, ಹಲ್ಲಿನ ಕಟ್ಟು ಬಾಯಿಂದ ಹಾರಿ ಹಿಕ್ಕೆಯ ಮೇಲೆ ಬಿತ್ತು. ಒಂದು ಆಡು ಬಂದು ಅದನ್ನು ಮೂಸಿ ನೋಡಿತು. ನನಗೆ ನಗು ತಡೆಯಲಾಗಲಿಲ್ಲ. ಇವರು ನಗಲಿಲ್ಲ. ಕಟ್ಟು ತೊಳೆದು ಗೂಡಿನಲ್ಲಿಟ್ಟರು, ಮತ್ತೆ ಹಾಕಿಕೊಳ್ಳಲಿಲ್ಲ.

ಇಂಡಿಯಿಂದ ಮಗಳು ಫೋನ್ ಮಾಡಿದಳು. "ಯವ್ವಾ, ಎಲುಬಿಗೇ ಸ್ಕ್ರೂ ಹಾಕಿ ಹಲ್ಲ ಕೂಡಸ್ತಾರಂತ. ಅದು ಹಾರೂದಿಲ್ಲ, ಬೀಳೂದಿಲ್ಲ. ಮುದ್ದೇಬಿಹಾಳದಾಗ ಡಾಕ್ಟರ್ ಅದಾರಂತ, ಹೋಗಿ ಬರ್ರಿ."

ಮುದ್ದೇಬಿಹಾಳದ ಡಾಕ್ಟರು ನಮ್ಮ ಮಗಳ ವಯಸ್ಸಿನವರು, ನಮ್ಮ ಕಡೆಯವರೇ. ಇವರ ಬಾಯಿ ನೋಡಿದರು, ಎಕ್ಸ್‌ರೇ ತೆಗೆಸಿದರು, ಸಕ್ಕರೆ ಕಾಯಿಲೆ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಿದರು. ಆಮೇಲೆ ಕೇಳಿದರು, "ಕಾಕಾ, ಬೀಡಿ ಎಷ್ಟ್ ಸೇದ್ತೀರಿ?"

"ಒಂದೆರಡ್ರೀ."

"ಒಂದೆರಡು ಕಟ್ರೀ!" ಅಂದೆ ನಾನು. ಡಾಕ್ಟರ ಮುಂದೆ ಸುಳ್ಳು ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಡಾಕ್ಟರು ನಗಲಿಲ್ಲ. "ಹಂಗಾದ್ರ ಇವತ್ತ ಸ್ಕ್ರೂ ಹಾಕೂದಿಲ್ಲ. ಮೊದಲ ಬೀಡಿ ಬಿಡ್ರಿ, ಆಮ್ಯಾಲೆ ಬರ್ರಿ" ಅಂದರು. ಇವರ ಮುಖ ಸಣ್ಣದಾಯಿತು. ಆಗ ಅವರು ಕುರ್ಚಿ ಹತ್ತಿರ ಎಳೆದುಕೊಂಡು ಕೂತು ಸಮಾಧಾನದಿಂದ ಹೇಳಿದರು. ಸ್ಕ್ರೂ ಹಾಕಿದ ಮೇಲೆ ಅದರ ಸುತ್ತ ಎಲುಬು ಬೆಳೆದು ಹಿಡಿದುಕೊಳ್ಳಬೇಕು, ಅದಕ್ಕೆ ತಿಂಗಳುಗಟ್ಟಲೆ ಬೇಕು. ಎಲುಬು ಬೆಳೆಯುವುದು ರಕ್ತದಿಂದ. ಬೀಡಿ ಸೇದಿದರೆ ವಸಡಿನ ಸಣ್ಣ ಸಣ್ಣ ರಕ್ತನಾಳ ಬಿಗಿಯುತ್ತವೆ.

"ಆಲಮಟ್ಟಿ ಕಾಲುವಿ ಗೇಟ್ ಇಳಿಸಿದ್ರ ಕೊನೀ ಹೊಲಕ್ಕ ನೀರ್ ಮುಟ್ಟತೈತೇನ್ರಿ ಕಾಕಾ? ಇದೂ ಹಂಗ. ಗಾಯ ಮಾಯೂದಿಲ್ಲ, ಕೀವು ಆಗತೈತಿ, ಸ್ಕ್ರೂ ಸಡ್ಲ ಆಗಿ ಕೈಗೆ ಬರತೈತಿ. ಎಲ್ಲಾರಿಗೂ ಹಂಗ ಆಗತೈತಿ ಅನ್ನೂದಿಲ್ಲ. ಆದ್ರ ಸೇದವ್ರಿಗೆ ಭಾಳ ಆಗತೈತಿ."

"ಬಿಟ್ರ ಸಿಳ್ಳಿ ಹೊಡೀಬಹುದೇನ್ರಿ?" ಎಂದು ಇವರು ಕೇಳಿದರು. ಆ ಡಾಕ್ಟರಿಗೆ ಇಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಕ್ಕಿಲ್ಲ. "ಬಿಟ್ರ ಹೊಡೀಬಹುದ್ರಿ" ಅಂದರು.

ಬೀಡಿ ಬಿಡಿಸುವುದು ಅಂದರೆ ಏನೆಂದು ಬಿಡಿಸಿದವರಿಗೇ ಗೊತ್ತು. ಮೊದಲ ವಾರ ಮನೆಯಲ್ಲಿ ಯಾರೂ ಉಸಿರು ಬಿಡುವ ಹಾಗಿರಲಿಲ್ಲ. ಚಹಾ ಸಪ್ಪೆ, ರೊಟ್ಟಿ ದಪ್ಪ, ನಾಯಿ ಬೊಗಳಿದರೂ ತಪ್ಪು. ನಾನೂ ಬಾಯಿ ಸತ್ತವಳಲ್ಲ, ಒಂದಕ್ಕೆ ಎರಡು ಕೊಡುತ್ತಿದ್ದೆ. ಸಂಜೆ ಬಂದ ಕೂಡಲೇ ಅಂಗಿ, ಟವೆಲ್ಲು, ಕೈಬೆರಳು ಎಲ್ಲ ಮೂಸುತ್ತಿದ್ದೆ. "ಪೊಲೀಸ್ ನಾಯಿ ಆಗೀಯಲ್ಲ" ಎಂದು ಗೊಣಗುತ್ತಿದ್ದರು. ನನಗೇನು ನಾಚಿಕೆ? ಮೂಸಿಯೇ ಒಳಗೆ ಬಿಡುತ್ತಿದ್ದೆ.

ಕೊನೆಗೆ ದಾರಿ ತೋರಿದ್ದು ಉಣ್ಣೆ. ನಮ್ಮಲ್ಲಿ ಹಿಂದೆ ಗಂಡಸರು ಕುರಿ ಕಾಯುತ್ತಾ, ನಡೆಯುತ್ತಾ ತಕಲಿಯಲ್ಲಿ ಉಣ್ಣೆ ನೂಲುತ್ತಿದ್ದರು. ಮೊಬೈಲು ಬಂದ ಮೇಲೆ ಅದೆಲ್ಲ ಮೂಲೆ ಸೇರಿತು. ಇವರ ಕೈ ಬೀಡಿಗೆ ತಡಕಾಡುವುದನ್ನು ನೋಡಿ ಅತ್ತೆ ಅಟ್ಟದಿಂದ ಮಾವನ ತಕಲಿ ಇಳಿಸಿ ಕೊಟ್ಟರು. "ಕೈಗೆ ಕೆಲಸ ಬೇಕಲ್ಲ, ತಗೋ, ನೂಲು." ಮೊದಲ ದಿನ ನೂಲು ಹತ್ತು ಕಡೆ ಹರಿಯಿತು. ಆಮೇಲೆ ಕೈ ಕುದುರಿತು. ಸೇದಬೇಕು ಅನ್ನಿಸಿದಾಗಲೆಲ್ಲ ತಕಲಿ ತಿರುಗುತ್ತಿತ್ತು. ಬಾಯಿಗೆ ನಾನು ಹುರಿದ ಬಡೆಸೋಪು ಕಟ್ಟಿಕೊಡುತ್ತಿದ್ದೆ. ಹೀಗೆ ಬೀಡಿ ಹೋಯಿತು. ನಿಜವಾಗಿ ಹೋಯಿತು, ಆ ಮಾತಿನಲ್ಲಿ ಇವರು ಗಟ್ಟಿ ಮನುಷ್ಯ. ಡಾಕ್ಟರು ಮೆಚ್ಚಿ ಎರಡು ಸ್ಕ್ರೂ ಹಾಕಿದರು. ಮೇಲೆ ಒಂದೊಂದು ಸಣ್ಣ ಮುಚ್ಚಳ ಕೂಡಿಸಿ, "ಎಲುಬು ಹಿಡಕೊಳ್ಳಲಿ, ಆಮ್ಯಾಲೆ ಹಲ್ಲು" ಅಂದರು. ಬರುವಾಗ ಬಸ್ಸಿನಲ್ಲಿ ನಾನು ಎಷ್ಟೋ ದಿನದ ಮೇಲೆ ನಿಶ್ಚಿಂತೆಯಿಂದ ಕಣ್ಣು ಮುಚ್ಚಿದೆ.

ಆದರೆ ಮುಂದಿನ ಸಲ ತೋರಿಸಲು ಹೋದಾಗ ಡಾಕ್ಟರ ಮುಖ ಕಪ್ಪಿಟ್ಟಿತು. ಒಂದು ಸ್ಕ್ರೂವಿನ ಸುತ್ತ ವಸಡು ಕೆಂಪಗೆ ಬಾತಿತ್ತು, ಮುಟ್ಟಿದರೆ ರಕ್ತ.

"ಕಾಕಾ, ಬೀಡಿ ಬಿಟ್ಟಿಲ್ಲೇನ್ರಿ?"

"ಬಿಟ್ಟೇನ್ರಿ! ಮಗಳ ಆಣಿ ಮಾಡ್ತೇನಿ."

"ಬಿಟ್ಟಾರ್ರೀ, ದಿನಾ ನಾ ಮೂಸಿ ನೋಡ್ತೇನಿ" ಅಂದೆ ನಾನು. ಡಾಕ್ಟರು ನಮ್ಮಿಬ್ಬರನ್ನೂ ನೋಡಿದರು. ಆಮೇಲೆ ಬೇರೆಯದೇ ಕೇಳಿದರು. "ಹಲ್ಲ ಹ್ಯಾಂಗ ತಿಕ್ತೀರಿ, ಹೇಳ್ರಿ ನೋಡೂಣು."

ಇವರು ಬಹಳ ಹುಮ್ಮಸ್ಸಿನಿಂದ ಹೇಳಿದರು. "ನೀವು ಕೊಟ್ಟ ಮೆತ್ತನ ಬ್ರಷ್‌ಲೆ ತಿಕ್ತೇನ್ರಿ. ಆಮ್ಯಾಲೆ ಸ್ಕ್ರೂ ಗಟ್ಟಿ ಆಗ್ಲಿ ಅಂತ ನಮ್ಮವ್ವನ ಮಶೇರಿ ಹಚ್ಚಿ ತಿಕ್ತೇನ್ರಿ. ಮುಂಜಾನೆ ಒಮ್ಮಿ, ಸಂಜಿ ಒಮ್ಮಿ."

ಅಯ್ಯ ಶಿವನೇ! ಡಾಕ್ಟರು ಕೈಯಲ್ಲಿದ್ದ ಕನ್ನಡಿ ಕೆಳಗಿಟ್ಟರು.

ಮಶೇರಿ ನಮ್ಮ ಕಡೆ ಮನೆಮನೆಯಲ್ಲಿ ಇರುವಂಥದ್ದು. ತಂಬಾಕನ್ನು ಹಂಚಿನ ಮೇಲೆ ಕರ್ರಗಾಗುವ ತನಕ ಹುರಿದು, ಪುಡಿ ಮಾಡಿ, ಡಬ್ಬಿಯಲ್ಲಿ ತುಂಬಿಡುತ್ತಾರೆ. ವಯಸ್ಸಾದ ಹೆಂಗಸರಿಗೆ ಬೆಳಿಗ್ಗೆ ಅದಿಲ್ಲದೆ ಹೊಟ್ಟೆ ಸಾಫಾಗುವುದಿಲ್ಲ, ತಲೆ ಓಡುವುದಿಲ್ಲ. ಆದರೆ ಅದನ್ನು ಯಾರೂ ತಂಬಾಕು ಅನ್ನುವುದಿಲ್ಲ, ಹಲ್ಲಿನ ಪುಡಿ ಅನ್ನುತ್ತಾರೆ. ಹಲ್ಲು ನೋವಿಗೆ ಮದ್ದು ಅನ್ನುತ್ತಾರೆ. ನಮ್ಮ ಅತ್ತೆ ಹಿತ್ತಲಲ್ಲಿ ಅದನ್ನು ಹುರಿಯುವಾಗ ಇಡೀ ಮನೆಗೆ ಆ ವಾಸನೆ ಹಿಡಿಯುತ್ತದೆ. ಬೀಡಿಯ ವಾಸನೆಗೆ ಕಾದು ಕೂತಿದ್ದ ನನ್ನ ಮೂಗಿಗೆ ಇದು ಮನೆಯ ವಾಸನೆಯಾಗಿ ಹೋಗಿತ್ತು.

"ಅದರಾಗ ಹೊಗಿ ಎಲ್ಲೈತ್ರೀ?" ಎಂದು ಇವರು ಕೇಳಿದರು. ಪಾಪ, ಮುಗ್ಧವಾಗಿಯೇ ಕೇಳಿದರು.

"ಹೊಗಿ ಇಲ್ಲ, ವಿಷ ಐತ್ರಿ ಕಾಕಾ. ಬೀಡಿಯೊಳಗ ಇರೂದ ಅದರಾಗೂ ಐತಿ. ಬೀಡಿ ಹೊಗಿ ಬಂದು ಹೋಗತೈತಿ. ಇದನ್ನ ನೀವು ಸೀದಾ ಗಾಯಕ್ಕ ಹಚ್ಚಿ ಉಜ್ಜಾಕತ್ತೀರಿ." ಡಾಕ್ಟರು ಮತ್ತೆ ಎಕ್ಸ್‌ರೇ ನೋಡಿದರು. ಆ ಸ್ಕ್ರೂವಿನ ಹತ್ತಿರ ಎಲುಬು ಒಂದಿಷ್ಟು ಕರಗಿದ ಹಾಗೆ ಕಾಣುತ್ತಿದೆ ಅಂದರು. ವಸಡು ಸ್ವಚ್ಛ ಮಾಡಿದರು, ಗುಳಿಗೆ ಬರೆದರು, ಬಾಯಿ ಮುಕ್ಕಳಿಸಲು ಔಷಧ ಕೊಟ್ಟರು. "ನೋಡೂಣು. ಹಿಡೀತು ಅಂದ್ರ ಚಲೋ. ಇಲ್ಲಂದ್ರ ಸ್ಕ್ರೂ ತಗೀಬೇಕಾಗತೈತಿ. ತಗದ್ರ ಮತ್ತ ಹಾಕಾಕ ಎಲುಬು ಉಳೀಬೇಕಲ್ಲ."

ಬಸವನ ಬಾಗೇವಾಡಿಯ ಬಸ್ಸು ಸಿಕ್ಕಿತು. ಹತ್ತಿ ಕೂತ ಮೇಲೆ ನಾನು ಬಾಯಿ ಬಿಟ್ಟೆ. ಅಕ್ಕಪಕ್ಕದವರು ತಿರುಗಿ ನೋಡಿದರೂ ಬಿಡಲಿಲ್ಲ. ಇಷ್ಟು ದಿನ ಬೀಡಿ ಬಿಟ್ಟು, ಉಣ್ಣೆ ನೂತು, ಕೊನೆಗೆ ಈ ಪುಡಿಗೆ ಎಲ್ಲವನ್ನೂ ನೀರುಪಾಲು ಮಾಡಿದಿರಲ್ಲ ಎಂದು ಬೈದೆ. ಬೈಯುತ್ತ ಬೈಯುತ್ತ ನನಗೇ ಅಳು ಬಂತು. ಇವರು ಕಿಟಕಿಯ ಕಡೆ ಮುಖ ಮಾಡಿದ್ದರು. ಗೊಳಸಂಗಿ ಹತ್ತಿರ ಬಂದಾಗ ಮೆಲ್ಲಗೆ ಅಂದರು, "ಈ ಸ್ಕ್ರೂ ಹೋದ್ರ ಕುರಿ ಮಾರೂದ. ನೀ ಬ್ಯಾಡ ಅನಬ್ಯಾಡ."

ಮನೆಗೆ ಬಂದು ಅತ್ತೆಗೆ ಹೇಳಿದೆವು. ಕೇಳಿದ ಕೂಡಲೇ ಅವರಿಗೆ ಎಲ್ಲಿಲ್ಲದ ಸಿಟ್ಟು ಬಂತು.

"ನಿಮ್ಮ ಡಾಕ್ಟರ ಹುಟ್ಟೂಕಿಂತ ಮೊದಲಿಂದ ತಿಕ್ಕಾಕತ್ತೇನಿ ನಾ! ಇಲ್ನೋಡ, ನನ್ನ ಹಲ್ಲ ಒಂದರ ಅಳಗ್ಯಾಡತಾವೇನು?"

"ನಿಂದು ಸ್ವಂತ ಹಲ್ಲ ಯವ್ವ. ಇದು ಸ್ಕ್ರೂ. ಹಿಡೀಲಿಲ್ಲಂದ್ರ ನಾ ಸಿಳ್ಳಿ ಹೊಡ್ಯಾಂಗಿಲ್ಲ" ಅಂದರು ಇವರು.

ಅತ್ತೆ ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದು ಹೋದರು. ಅಂದಿನಿಂದ ಅವರು ಮಶೇರಿ ಹಚ್ಚುವುದು ಮೇವಿನ ಬಣವೆಯ ಹಿಂದೆ. ಮಗನ ಕಣ್ಣಿಗೆ ಬೀಳಬಾರದೆಂದು, ಮಗನಿಗೆ ವಾಸನೆ ಬರಬಾರದೆಂದು. ಹುರಿಯುವುದಕ್ಕೂ ಪಕ್ಕದ ಮನೆಯ ಹಿತ್ತಲಿಗೆ ಹೋಗುತ್ತಾರೆ. ಬಿಡಿ ಅಂದರೆ ಬಿಟ್ಟಿಲ್ಲ, ಇವತ್ತಿಗೂ ಬಿಟ್ಟಿಲ್ಲ. ಮೊನ್ನೆ ಡಾಕ್ಟರಿಗೆ ತೋರಿಸೋಣ ಬನ್ನಿ ಅಂದರೆ, "ನನ್ನ ಬಾಯಿ ನಂದು" ಎಂದು ನನ್ನ ಮೇಲೇ ಹರಿಹಾಯ್ದರು.

ಆಮೇಲಿನ ದಿನಗಳಲ್ಲಿ ಇವರ ಬಾಯಿಯ ಕಾವಲು ನನ್ನದಾಯಿತು. ಊಟವಾದ ಮೇಲೆ ಉಗುರು ಬೆಚ್ಚಗಿನ ಉಪ್ಪು ನೀರು. ಡಾಕ್ಟರು ಕೊಟ್ಟ ಬೆಂಕಿಕಡ್ಡಿಯಷ್ಟು ಸಣ್ಣ ಬ್ರಷ್ಷಿನಿಂದ ಮುಚ್ಚಳಗಳ ಸುತ್ತ ತಿಕ್ಕುವುದು. ಒಣಗಿಸಿದ ಕಟಕ ರೊಟ್ಟಿ ಬಂದ್, ಬಿಸಿ ರೊಟ್ಟಿಯನ್ನೂ ಸಾರಿನಲ್ಲಿ ನೆನೆಸಿಯೇ ಕೊಡುತ್ತಿದ್ದೆ. "ನನ್ನೂ ಅಂಗನವಾಡಿಗೆ ಸೇರಿಸಿಬಿಡ" ಎಂದು ಇವರು ಸಿಡುಕುತ್ತಿದ್ದರು. ಸಿಡುಕಲಿ, ನನಗೆ ಸಂತೋಷವೇ. ಮಾತಿಲ್ಲದೆ ಕೂತರೆ ಭಯವಾಗುತ್ತಿತ್ತು. ಹಿಂಡನ್ನು ಕೊಳ್ಳುವವನೊಬ್ಬ ಒಂದು ದಿನ ಬಂದು ಕುರಿಗಳ ಬೆನ್ನು ಮುಟ್ಟಿ ನೋಡಿ ಹೋದ. ಇವರು ತಕಲಿ ತಿರುಗಿಸುತ್ತಾ ಅವನ ಜೊತೆ ನಿಂತಿದ್ದರು, ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ಡಾಕ್ಟರ ಹೇಳಿದ ಮ್ಯಾಲೆ ಹೇಳ್ತೇನಿ" ಎಂದು ಕಳಿಸಿದರು. ಅವನಿಗೆ ಏನು ಅರ್ಥವಾಯಿತೋ ಏನೋ.

ಡಾಕ್ಟರು ಕರೆದ ದಿನ ನಾನು ಅಂಗನವಾಡಿಗೆ ರಜೆ ಹಾಕಿ ಹೋದೆ. ಇವರು ಕುರ್ಚಿಯಲ್ಲಿ ಒರಗಿ ಬಾಯಿ ತೆರೆದರು. ನಾನು ಗೋಡೆಗೆ ಒತ್ತಿಕೊಂಡು ನಿಂತೆ. ಡಾಕ್ಟರು ಮೊದಲು ವಸಡನ್ನು ಒತ್ತಿ ನೋಡಿದರು, ರಕ್ತ ಬರಲಿಲ್ಲ. ಎಕ್ಸ್‌ರೇಯನ್ನು ಹಳೆಯದರ ಪಕ್ಕ ಇಟ್ಟು ನೋಡಿದರು. ಆಮೇಲೆ ಕೈಯಲ್ಲಿದ್ದ ಉಕ್ಕಿನ ಕಡ್ಡಿಯ ಹಿಡಿಯಿಂದ ಮೊದಲ ಸ್ಕ್ರೂವಿನ ಮೇಲೆ ಮೆಲ್ಲಗೆ ಬಡಿದರು. ಟಣ್ ಎಂದಿತು. ಎರಡನೆಯದು, ಆ ಕೆಟ್ಟಿದ್ದು. ಅದರ ಮೇಲೂ ಬಡಿದರು.

ಟಣ್.

"ಕೇಳಿದ್ರೇನ್ ಕಾಕೂ?" ಡಾಕ್ಟರು ತಿರುಗಿ ನನಗೇ ಹೇಳಿದರು. "ಸಡ್ಲ ಇದ್ರ ಹಿಂಗ ಸಪ್ಪಳ ಬರೂದಿಲ್ಲ. ಎಲುಬು ಹಿಡಕೊಂಡೈತಿ. ಒಳ್ಳೆ ವ್ಯಾಳ್ಯಾಕ್ಕ ಮಶೇರಿ ಬಿಟ್ರಿ."

ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತೆ. ಇವರು ಬಾಯಿ ತೆರೆದುಕೊಂಡೇ ನನ್ನ ಕಡೆ ಕಣ್ಣು ಹೊರಳಿಸಿ ಏನೋ ಅಂದರು, ಒಂದಕ್ಷರವೂ ತಿಳಿಯಲಿಲ್ಲ. ನಾನು ಅಳುತ್ತ ನಗುತ್ತ ಡಾಕ್ಟರ ಕೈ ಹಿಡಿದುಕೊಂಡೆ. ಜೀವ ತಣ್ಣಗಾಯಿತು.

ಮುಂದಿನ ಕೆಲವು ಭೇಟಿಗಳಲ್ಲಿ ಅಳತೆ ತೆಗೆದು ಎರಡು ಹಲ್ಲು ಕೂಡಿಸಿದರು. ಪಕ್ಕದ ಹಲ್ಲುಗಳ ಬಣ್ಣಕ್ಕೇ ಹೊಂದುವಂತೆ, ಬೀಡಿ ಸೇದಿ ಹಳದಿಯಾದ ಬಣ್ಣಕ್ಕೇ ಮಾಡಿದ್ದಾರೆ ಎಂದು ಇವರಿಗೆ ಬೇಸರ. "ಹೊಸಾವು ಬೆಳ್ಳಗ ಇರಬೇಕಿತ್ತು" ಅನ್ನುತ್ತಾರೆ. ಹೊರಡುವಾಗ ಡಾಕ್ಟರು ಬಾಗಿಲ ತನಕ ಬಂದು ಮತ್ತೊಮ್ಮೆ ಎಚ್ಚರಿಸಿದರು. ಹಲ್ಲಿನಿಂದ ಹಗ್ಗದ ಗಂಟು ಬಿಚ್ಚಬಾರದು, ಕಬ್ಬು ಸುಲಿಯಬಾರದು. ಆರು ತಿಂಗಳಿಗೊಮ್ಮೆ ಬಂದು ತೋರಿಸಬೇಕು. "ಸ್ವಂತ ಹಲ್ಲ ನೋವಾದ್ರ ಹೇಳತೈತಿ. ಇದಕ್ಕ ನರ ಇಲ್ಲ, ಹೇಳೂದಿಲ್ಲ. ಮತ್ತ ಬೀಡಿ ಚಾಲೂ ಮಾಡಿದ್ರ ಒಳಗಿಂದೊಳಗ ಎಲುಬು ತಿಂದು ಹಾಕತೈತಿ, ನಿಮಗ ಗೊತ್ತ ಆಗೂದಿಲ್ಲ." ಇವರು ತಲೆಯಾಡಿಸಿದರು. ನೂತ ನೂಲನ್ನೆಲ್ಲ ಇವರು ಉಂಡೆ ಮಾಡಿ ಇಟ್ಟಿದ್ದಾರೆ. ಮೊಮ್ಮಗಳಿಗೆ ಒಂದು ಸಣ್ಣ ಕಂಬಳಿ ಆಗುವಷ್ಟಿದೆ.

ಹಲ್ಲು ಬಂದರೂ ಇವರು ಬಹಳ ದಿನ ಸಿಳ್ಳೆ ಹಾಕಲಿಲ್ಲ. ಹೆದರಿಕೆ. ನಾನೂ ಕೇಳಲಿಲ್ಲ. ಕೊಳ್ಳುವವನು ಮತ್ತೆ ಫೋನ್ ಮಾಡಿದಾಗ, "ಈಗ ಬ್ಯಾಡ" ಅಂದದ್ದಷ್ಟೇ ಕಿವಿಗೆ ಬಿತ್ತು.

ಒಂದು ಸಂಜೆ ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ದೂರದಲ್ಲಿ ತೊಗರಿ ಹೊಲದ ಕಡೆಯಿಂದ ಒಂದು ಸಿಳ್ಳೆ ಕೇಳಿಸಿತು. ಮೊದಲಿನಷ್ಟು ಚೂಪಾಗಿರಲಿಲ್ಲ, ಕೊನೆಯಲ್ಲಿ ಸ್ವಲ್ಪ ಹರಿಯಿತು. ಮತ್ತೊಂದು ಬಂತು, ಈ ಸಲ ಹರಿಯಲಿಲ್ಲ. ಹಿಟ್ಟಿನ ಕೈಯಲ್ಲೇ ಎದ್ದು ಅಂಗಳಕ್ಕೆ ಬಂದೆ. ಹೊಲದ ಅಂಚಿಗೆ ಹೋಗಿದ್ದ ಹಿಂಡು ಮುಖ ತಿರುಗಿಸಿ, ಒಂದರ ಹಿಂದೆ ಒಂದು, ರಸ್ತೆಗೆ ಇಳಿಯುತ್ತಿತ್ತು. ಮುಂದೆ ಆ ದೊಡ್ಡ ಟಗರು. ಹಿಂದೆ ಇವರು, ಹೆಗಲ ಮೇಲೆ ಟವೆಲ್ಲು. ಬಾಯಿಯ ಮೇಲೆ ಇರಲಿಲ್ಲ.

ಡಾಂಬರು ರಸ್ತೆಯ ತಿರುವಿಗೆ ಬಂದು ನಿಂತರು. ಎರಡು ಗಿಡ್ಡ, ಒಂದು ಉದ್ದ.

ನಾನು ಅಲುಗಾಡಲಿಲ್ಲ. ಒಲೆಯ ಮೇಲೆ ರೊಟ್ಟಿ ಸೀಯುವ ವಾಸನೆ ಬರುತ್ತಿತ್ತು. ಬಣವೆಯ ಹಿಂದಿನಿಂದ ಅತ್ತೆ ಬಾಯಿ ಒರೆಸಿಕೊಳ್ಳುತ್ತಾ ಬಂದರು.

"ಕರ್ಯಾಕತ್ತಾನಲ್ಲ, ಕೇಳಲಿಲ್ಲೇನವಾ?"

"ಕೇಳೇತ್ರಿ ಅತ್ತಿ" ಅಂದೆ. "ಇನ್ನೊಮ್ಮಿ ಹೊಡೀಲಿ ಅಂತ ನಿಂತೇನಿ."